‘ನನಗೆ ಬೆಂಗಳೂರಲ್ಲಿ ಯಾರೂ ಗೊತ್ತಿಲ್ಲ’

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವಳು. ಇಂಜಿನಿಯರಿಂಗ್, ಎಲೆಕ್ಟ್ರಾನಿಕ್ಸ್ ಬ್ರ್ಯಾಂಚ್, ಆರನೇ ಸೆಮಿಸ್ಟರ್. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಸೇರಿದವಳು ನಾನೇ ಮೊದಲು. ಅಪ್ಪನದು ಕಿರಾಣಿ ಅಂಗಡಿ. ಸೀಸನ್‌ನಲ್ಲಿ ಒಣಮೆಣಸಿನಕಾಯಿ ದಾಸ್ತಾನೂ ಇಡುತ್ತಾರೆ. ಹೋದ ವರ್ಷ ಪಾಸಾದ ಸೀನಿಯರ್ ಅಕ್ಕ ಒಬ್ಬರು ಕಾಲೇಜು ಬಿಡುವಾಗ ತಮ್ಮ ಇಎಸ್‌ಪಿ32 ಬೋರ್ಡ್ (ವೈ-ಫೈ ಇರುವ, ಕೋಡ್ ಹಾಕಿ ಓಡಿಸುವ ಪುಟ್ಟ ಬೋರ್ಡ್) ನನಗೆ ಕೊಟ್ಟರು. ಅದಕ್ಕೆ ತೇವ ಅಳೆಯುವ ಡಿಎಚ್‌ಟಿ11 ಸೆನ್ಸರ್ ಹಾಕಿ, ಗೋದಾಮಿನಲ್ಲಿ ತೇವ ಜಾಸ್ತಿಯಾದರೆ ಅಪ್ಪನ ಫೋನಿಗೆ ಮೆಸೇಜ್ ಹೋಗುವ ಹಾಗೆ ಮಾಡಿದ್ದೇನೆ. ಮಳೆಗಾಲದಲ್ಲಿ ಮಾತ್ರ ಅದರ ರೀಡಿಂಗ್ ನಂಬೋ ಹಾಗಿಲ್ಲ. ಸೋಲ್ಡರಿಂಗ್ ಕಲಿಸಿದ್ದು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್. ಅವರು ಮೊದಲು ಹುಬ್ಬಳ್ಳಿಯಲ್ಲಿ ಯುಪಿಎಸ್ ತಯಾರಿಸುವ ಕಡೆ ಇದ್ದವರು. ನನಗೆ ಎಂಬೆಡೆಡ್ ಕೆಲಸವೇ ಬೇಕು, ಅಂದರೆ ಯಂತ್ರಗಳ ಒಳಗಿನ ಇಂಥ ಬೋರ್ಡು, ಅದರ ಕೋಡ್ ಮಾಡುವ ಕೆಲಸ. ಮೊದಲು ಒಂದು ಇಂಟರ್ನ್‌ಶಿಪ್ ಸಿಕ್ಕರೆ ಸಾಕು.

ಎಲ್ಲರೂ ‘ನೆಟ್‌ವರ್ಕಿಂಗ್ ಮಾಡು’ ಅಂತಾರೆ. ಲಿಂಕ್ಡ್‌ಇನ್‌ನಲ್ಲಿ 140 ಜನಕ್ಕೆ ರಿಕ್ವೆಸ್ಟ್ ಕಳಿಸಿದೆ, ‘ಯಾವುದಾದರೂ ಓಪನಿಂಗ್ ಇದ್ದರೆ ಹೇಳಿ’ ಅಂತ. ಉತ್ತರ ಬಂದಿದ್ದು ಮೂವರಿಂದ. ಒಬ್ಬರು ‘ಶೂರ್’ ಅಂದು ಸುಮ್ಮನಾದರು. ಇನ್ನೊಬ್ಬರು ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋಟೋ ಚೆನ್ನಾಗಿದೆ ಅಂತ ಬರೆದರು. ಮೂರನೆಯವರು 6,000 ರೂಪಾಯಿ ಕಟ್ಟಿದರೆ ಆನ್‌ಲೈನ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಎರಡೂ ಕೊಡ್ತೀವಿ ಅಂದರು. ದೊಡ್ಡಮ್ಮನ ಅಳಿಯ ಪೀಣ್ಯದಲ್ಲಿದ್ದಾರೆ, ಆದರೆ ಅವರು ಪರ್ಚೇಸ್‌ನಲ್ಲಿ, ನನ್ನ ಫೀಲ್ಡ್ ಅಲ್ಲ. ನನಗೆ ಬೆಂಗಳೂರಲ್ಲಿ ಯಾರೂ ಗೊತ್ತಿಲ್ಲ. ನೆಟ್‌ವರ್ಕಿಂಗ್ ಅಂದರೆ ವಶೀಲಿಗೆ ಇಟ್ಟ ಇಂಗ್ಲಿಷ್ ಹೆಸರು ಅಲ್ವಾ ಸರ್?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಯಾರೂ ಗೊತ್ತಿಲ್ಲ ಅಂತ ಬರೆದ ಪತ್ರದಲ್ಲೇ ನಾಲ್ಕು ಜನ ಸಿಕ್ಕರು. ಬೋರ್ಡ್ ಕೊಟ್ಟು ಹೋದ ಅಕ್ಕ. ಹುಬ್ಬಳ್ಳಿಯ ಕಾರ್ಖಾನೆ ಕಂಡ ಲ್ಯಾಬ್ ಸರ್. ಪೀಣ್ಯದ ಭಾವ. ‘ಶೂರ್’ ಅಂದು ಸುಮ್ಮನಾದವರು. ಈ ನಾಲ್ವರಿಗೂ ಕೆಳಗೆ ಗೆರೆ ಎಳೆದಿದ್ದೇನೆ. ಅವರ ಹತ್ತಿರ ಆಮೇಲೆ ಬರೋಣ. ಮೊದಲು ವಶೀಲಿಯ ಮಾತು.

ನಾನು ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದಾಗ ಪ್ಲಾಸ್ಟಿಕ್ ಫೈಲಿನಲ್ಲಿ ಬಯೋಡಾಟಾ ಇಟ್ಟುಕೊಂಡು ಪೀಣ್ಯದಲ್ಲಿ ಗೇಟಿಂದ ಗೇಟಿಗೆ ಅಲೆದವನು. ನಾಲ್ಕನೇ ದಿನ ಒಂದು ಗೇಟಿನಲ್ಲಿ ವಿಜಯಪುರ ಕಡೆಯ ಸೆಕ್ಯೂರಿಟಿಯವರಿದ್ದರು. ನನ್ನ ಮಾತಿನ ಧಾಟಿ ಕೇಳಿ ಹತ್ತಿರ ಕರೆದರು. ‘ಇಲ್ಲಿ ಬಯೋಡಾಟಾ ತಗೊಂಡು ಡಬ್ಬಿಗೆ ಹಾಕ್ತೀವ್ರಿ, ಅಷ್ಟ. ಹಿಂದಿನ ರಸ್ತೆಯಾಗ ಟ್ರಾನ್ಸ್‌ಫಾರ್ಮರ್ ಸುತ್ತೋ ಶೆಡ್ ಒಂದು ಹೊಸದಾಗಿ ತೆರದಾರ. ಮುಂಜಾನಿ ಎಂಟಕ್ಕ ಹೋಗ್ರಿ, ಮಾಲಕರು ಅವಾಗಷ್ಟ ಸಿಗ್ತಾರ’ ಅಂದರು. ಮಾರನೇ ದಿನ ಎಂಟಕ್ಕೆ ಹೋದೆ. ಮಾಲೀಕರು ಒಂದು ಮಲ್ಟಿಮೀಟರ್ ಕೈಗಿಟ್ಟು ಕೆಟ್ಟ ಕಾಯಿಲ್ ಯಾವುದು ಹುಡುಕು ಅಂದರು. ಹುಡುಕಿದೆ. ಕೆಲಸ ಸಿಕ್ಕಿತು.

ಆ ಸೆಕ್ಯೂರಿಟಿಯವರು ಯಾರಿಗೂ ಫೋನ್ ಮಾಡಲಿಲ್ಲ. ನನ್ನ ಬದಲು ಕಾಯಿಲ್ ಹುಡುಕಲಿಲ್ಲ. ಬಾಗಿಲು ಎಲ್ಲಿದೆ, ಎಷ್ಟಕ್ಕೆ ತೆರೆಯುತ್ತದೆ ಅಂತ ಮಾತ್ರ ಹೇಳಿದರು. ವಶೀಲಿ ಅಂದರೆ ಕಾಯಿಲ್ ಹುಡುಕಲು ಬಾರದವನನ್ನೂ ಒಳಗೆ ಕೂರಿಸುವುದು. ಅದು ನಮ್ಮಲ್ಲಿ ಇದೆ, ಇಲ್ಲ ಅಂತ ನಾನು ಹೇಳೋಲ್ಲ. ಬೆಂಗಳೂರಿನ ಹುಡುಗನ ಅಪ್ಪ ಒಬ್ಬ ಮ್ಯಾನೇಜರ್ ಜೊತೆ ಬೆಳಗ್ಗೆ ಶಟಲ್ ಆಡುತ್ತಾರೆ, ನಿಮ್ಮಪ್ಪ ಅಂಗಡಿ ಬಾಗಿಲು ತೆಗೆಯುತ್ತಾರೆ. ಆಟ ಸಮ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಸಮ ಇಲ್ಲದ ಆಟದಲ್ಲಿ ಬಾಗಿಲ ವಿಳಾಸ ಕೇಳುವುದಕ್ಕೂ ನಾಚಿಕೊಂಡರೆ ನಷ್ಟ ನಿಮಗೇ.

ಈಗ ಆ 140 ರಿಕ್ವೆಸ್ಟ್ ವಿಷಯ. ನಿಮ್ಮಪ್ಪನ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರಬೇಕಲ್ಲ. ಮುಖ ಪರಿಚಯವೂ ಇಲ್ಲದ ಒಬ್ಬರು ಬಂದು ‘ಐದು ಸಾವಿರದ ಸಾಮಾನು ಉದ್ರಿ ಕೊಡಿ’ ಅಂದರೆ ಅಪ್ಪ ಏನು ಮಾಡುತ್ತಾರೆ? ಮುಖ ಮುರಿಯುವ ಹಾಗೆ ಇಲ್ಲ ಅನ್ನಲಾರರು, ಸುಮ್ನೆ ನಕ್ಕು ಇನ್ನೊಂದು ಗಿರಾಕಿ ಕಡೆ ತಿರುಗುತ್ತಾರೆ. ನಿಮ್ಮ 137 ಜನ ಮಾಡಿದ್ದೂ ಅದೇ. ಅದೇ ಮನುಷ್ಯ ಮೊದಲು ಅರ್ಧ ಕೆ.ಜಿ. ಸಕ್ಕರೆ ಬರೆಸಿ, ಸಂತೆಯ ದಿನ ತಪ್ಪದೆ ಬಂದು ತೀರಿಸಿದರೆ? ಇನ್ನೊಂದು ಸಲ ಎಣ್ಣೆ ಒಯ್ದು ಅದನ್ನೂ ತೀರಿಸಿದರೆ? ಮಗಳ ಮದುವೆ ಅಂತ ಐದು ಸಾವಿರದ ಚೀಟಿ ತಂದಾಗ ಅಪ್ಪ ಮಾತಿಲ್ಲದೆ ಕಟ್ಟಿಕೊಡುತ್ತಾರೆ. ನೀವು ಕೌಂಟರ್ ಹಿಂದೆ ಕೂತು ನೋಡಿಯೇ ಇರುತ್ತೀರಿ. ನೆಟ್‌ವರ್ಕಿಂಗ್ ಅನ್ನೋದು ಅದೇ ಪುಸ್ತಕ. ಚಿಕ್ಕದು ಕೇಳಿ, ತೀರಿಸಿ, ಆಮೇಲೆ ದೊಡ್ಡದು ಕೇಳಿ. ನೀವು ಗೊತ್ತಿಲ್ಲದವರ ಹತ್ತಿರ ಮೊದಲ ಭೇಟಿಗೇ ಕೆಲಸ ಕೇಳಿದಿರಿ. ಅವರು ಕೆಟ್ಟವರಲ್ಲ, ನಿಮ್ಮಪ್ಪನಂಥವರೇ.

ಚಿಕ್ಕದು ಅಂದರೆ ಏನು ಕೇಳಬೇಕು, ಯಾರನ್ನು ಕೇಳಬೇಕು ಅನ್ನೋದೇ ಇಲ್ಲಿನ ಕಸುಬು.

ಯಾರನ್ನು ಅನ್ನುವುದಕ್ಕೆ ಹಳೆಯ ಸಂಶೋಧನೆ ಒಂದಿದೆ. ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಪ್ರಕಟಿಸಿದ್ದು. ಪರಿಚಯದವರಿಂದ ಕೆಲಸದ ಸುದ್ದಿ ಸಿಕ್ಕವರನ್ನು ಆತ ಕೇಳಿದ್ದು ಇಷ್ಟೇ: ಆ ಮನುಷ್ಯನನ್ನು ಆಗ ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆ ಅಂದವರು ನೂರಕ್ಕೆ 17 ಜನರೂ ಇಲ್ಲ. ಆಗೀಗ ಅಂದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಅಂದವರು ಸುಮಾರು 28. ಯಾಕೆ ಹೀಗೆ ಅಂತ ಯೋಚಿಸಿದರೆ ಸುಲಭ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಇಬ್ಬರೂ ಇರುವುದು ಒಂದೇ ವಾಟ್ಸಾಪ್ ಗ್ರೂಪಿನಲ್ಲಿ. ಹೊಸ ಸುದ್ದಿ ಬರುವುದು ಬೇರೆ ಬಾವಿಯ ನೀರು ಕುಡಿಯುವವರಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಮುಂದುವರಿಕೆ ಬಂತು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಐದು ವರ್ಷದ ಲೆಕ್ಕ. ಅದೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು: ಕೆಲಸ ಬದಲಿಸಲು ಜಾಸ್ತಿ ಉಪಯೋಗಕ್ಕೆ ಬಂದವರು ತೀರಾ ಆಪ್ತರೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ. ನಡುವಿನವರು. ಅರ್ಧ ಗೊತ್ತಿದ್ದವರು.

ನೀವು ‘ನನ್ನ ಫೀಲ್ಡ್ ಅಲ್ಲ’ ಅಂತ ಪಕ್ಕಕ್ಕಿಟ್ಟ ಭಾವ ಇದ್ದಾರಲ್ಲ, ಅವರೇ ಈ ಅರ್ಧ ಗೊತ್ತಿದ್ದವರು. ನನ್ನ ಕೇಳಿದರೆ ನಿಮ್ಮ ಪತ್ರದಲ್ಲಿ ಎಲ್ಲರಿಗಿಂತ ಬೆಲೆ ಬಾಳುವವರು ಅವರೇ. ಹದಿನೆಂಟು ವರ್ಷ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿದ್ದವನು ಹೇಳ್ತಿದ್ದೇನೆ, ಪರ್ಚೇಸ್‌ನವರಿಗೆ ಗೊತ್ತಿರುವಷ್ಟು ಕಂಪನಿ ಇಂಜಿನಿಯರುಗಳಿಗೆ ಗೊತ್ತಿರುವುದಿಲ್ಲ. ಡಿಸೈನ್ ಇಂಜಿನಿಯರ್ ತನ್ನ ಮೇಜು ಬಿಟ್ಟು ಏಳೋದಿಲ್ಲ. ಪರ್ಚೇಸ್‌ನವರ ಎದುರು ದಿನಾ ಕೂರುವವರು ವೆಂಡರ್‌ಗಳು. ಪಿಸಿಬಿ, ಅಂದರೆ ಸರ್ಕ್ಯೂಟ್ ಅಚ್ಚಾದ ಖಾಲಿ ಬೋರ್ಡ್, ಮಾಡಿಕೊಡುವವರು, ಬೋರ್ಡಿಗೆ ಕಾಂಪೊನೆಂಟ್ ಕೂರಿಸಿಕೊಡುವವರು, ಕಂಟ್ರೋಲರ್ ಡಿಸೈನ್ ಮಾಡುವ ಇಪ್ಪತ್ತು ಜನರ ಸಣ್ಣ ಆಫೀಸುಗಳು. ಈ ಇಪ್ಪತ್ತು ಜನರ ಆಫೀಸು ನಿಮ್ಮ ಕಾಲೇಜಿಗೆ ಕ್ಯಾಂಪಸ್ ಇಂಟರ್ವ್ಯೂಗೆ ಬರೋದಿಲ್ಲ. ಎಚ್‌ಆರ್ ಅಂತ ಒಬ್ಬರು ಇದ್ದರೆ ಅದೇ ದೊಡ್ಡದು. ಅಲ್ಲಿನ ಓನರ್ ಹುಡುಗರನ್ನು ಹುಡುಕುವುದು ‘ಯಾರಾದ್ರೂ ಇದ್ರೆ ಹೇಳಿ’ ಅಂತ ಬಾಯಿಮಾತಿನಲ್ಲಿ. ಆ ಮಾತು ಬೀಳುವುದು ಎಲ್ಲಿ? ನಿಮ್ಮ ಭಾವನ ಟೇಬಲ್ ಮುಂದೆ.

ಅವರಿಗೆ ಭಾನುವಾರ ಹನ್ನೊಂದರ ಮೇಲೆ ಫೋನ್ ಮಾಡಿ. ವಾರದ ನಡುವೆ ಬೇಡ, ತಿಂಗಳ ಕೊನೆಯಂತೂ ಬೇಡವೇ ಬೇಡ. ಅಕ್ಕನ ಹತ್ತಿರ ಮೊದಲು ನಾಲ್ಕು ಮಾತಾಡಿ ಆಮೇಲೆ ‘ಭಾವಂಗೆ ಫೋನ್ ಕೊಡು’ ಅಂದರೂ ಸರಿ. ‘ನನಗೊಂದು ಕೆಲಸ ಕೊಡಿಸಿ’ ಅನ್ನಬೇಡಿ. ಅಂದರೆ ಪಾಪ ಅವರು ‘ಬಯೋಡಾಟಾ ಕಳಿಸಮ್ಮ, ನೋಡೋಣ’ ಅಂತಾರೆ. ಆ ‘ನೋಡೋಣ’ ಎಲ್ಲಿಗೆ ಹೋಗುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹೀಗೆ ಕೇಳಿ: ‘ಭಾವ, ನಿಮ್ಮ ಕಂಪನಿಗೆ ಎಲೆಕ್ಟ್ರಾನಿಕ್ ಬೋರ್ಡ್ ಎಲ್ಲಿಂದ ಬರುತ್ತೆ? ಅದರಲ್ಲಿ ಡಿಸೈನೂ ಇಲ್ಲೇ ಮಾಡೋ ಸಣ್ಣ ಕಂಪನಿ ಯಾವುದು? ಎರಡು ಮೂರು ಹೆಸರು ಹೇಳಿದರೆ ನಾನು ಓದಿಕೊಳ್ತೀನಿ.’ ಹೆಸರು ಹೇಳಲು ಅವರಿಗೆ ಖರ್ಚಿಲ್ಲ, ಮುಜುಗರ ಇಲ್ಲ. ಇದು ಅರ್ಧ ಕೆ.ಜಿ. ಸಕ್ಕರೆ.

ಹೆಸರು ಸಿಕ್ಕ ಮೇಲೆ ನಿಜಕ್ಕೂ ಓದಿ. ಆ ಕಂಪನಿ ಏನು ಮಾಡುತ್ತದೆ, ಯಾರಿಗೆ ಮಾರುತ್ತದೆ ನೋಡಿ. ಹತ್ತು ದಿನ ಬಿಟ್ಟು ಭಾವನಿಗೆ ಒಂದು ಮೆಸೇಜ್: ‘ನೀವು ಹೇಳಿದ ಎರಡನೇ ಕಂಪನಿ ಕೋಲ್ಡ್ ಸ್ಟೋರೇಜ್‌ಗೆ ಕಂಟ್ರೋಲರ್ ಮಾಡುತ್ತದಂತೆ. ನನ್ನ ಗೋದಾಮಿನ ಪ್ರಾಜೆಕ್ಟ್‌ಗೆ ಹತ್ತಿರ ಇದೆ. ಅಲ್ಲಿ ಯಾರ ಜೊತೆ ಮಾತಾಡಿದರೆ ಒಳ್ಳೇದು? ನಿಮ್ಮ ಹೆಸರು ಹೇಳಬಹುದಾ?’ ಈ ಕೊನೆಯ ಪ್ರಶ್ನೆ ಮರೆಯಬೇಡಿ. ಕೇಳದೆ ಹೆಸರು ಬಳಸಿದರೆ ಭಾವನಿಗೂ ಇಕ್ಕಟ್ಟು. ಕೇಳಿ ಬಳಸಿದರೆ ವೆಂಡರ್ ಕಡೆಯವರು ಫೋನ್ ಎತ್ತುತ್ತಾರೆ, ಅವರಿಗೆ ಆರ್ಡರ್ ಕೊಡುವ ಟೇಬಲ್ ಅದು. ಸ್ವಲ್ಪ ವಶೀಲಿ ವಾಸನೆ ಬಂತು ಅಂತೀರಾ? ಬಂತು. ಆದರೆ ಫೋನ್ ಎತ್ತಿಸುವುದಷ್ಟೇ ಅವರ ಕೆಲಸ. ಕಾಯಿಲ್ ಹುಡುಕುವುದು ನಿಮ್ಮದೇ.

ಲ್ಯಾಬ್ ಸರ್ ಬಗ್ಗೆ. ವಿದ್ಯಾರ್ಥಿಗಳು ಪ್ರೊಫೆಸರ್ ಹಿಂದೆ ಓಡುತ್ತಾರೆ, ಇನ್‌ಸ್ಟ್ರಕ್ಟರ್‌ನ ಕಡೆ ತಿರುಗಿ ನೋಡುವುದಿಲ್ಲ. ಕಾರ್ಖಾನೆಯಲ್ಲಿ ಇದ್ದು ಬಂದವರ ಜೊತೆ ಕೆಲಸ ಮಾಡಿದವರು ಇವತ್ತಿಗೂ ಅಲ್ಲೋ ಇಲ್ಲೋ ಸೂಪರ್‌ವೈಸರ್ ಆಗಿ ಇದ್ದೇ ಇರುತ್ತಾರೆ. ಮಧ್ಯಾಹ್ನ ಚಹಾ ಹೊತ್ತಿಗೆ ಹೋಗಿ, ‘ಸರ್, ಒಂದು ದಿನ ಆ ಯುಪಿಎಸ್ ಲೈನ್ ನೋಡಬಹುದಾ? ಬರೀ ನೋಡೋಕೆ’ ಅಂತ ಕೇಳಿ. ಹುಬ್ಬಳ್ಳಿ ನಿಮಗೆ ದೂರವಲ್ಲ. ಎಲ್ಲರೂ ಬೆಂಗಳೂರು ಬೆಂಗಳೂರು ಅಂತ ಬಾಯಿ ಬಿಡುತ್ತಿರುವಾಗ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳ ಶೆಡ್‌ಗಳಿಗೆ ಯಾರೂ ಪತ್ರ ಬರೆಯುವುದಿಲ್ಲ. ಒಂದು ತಿಂಗಳು ಟೆಸ್ಟಿಂಗ್ ಬೆಂಚಿನಲ್ಲಿ ಕೂತು ಸುಟ್ಟ ಬೋರ್ಡ್ ರಿಪೇರಿ ಮಾಡಿ ಬಂದವಳು ಇಂಟರ್ವ್ಯೂನಲ್ಲಿ ಮಾತಾಡುವ ರೀತಿಯೇ ಬೇರೆ. ಇದು ನನ್ನ ಅಭಿಪ್ರಾಯ. ದೊಡ್ಡ ಹೆಸರಿನ ಇಂಟರ್ನ್‌ಶಿಪ್ಪೇ ಬೇಕು ಅನ್ನುವವರು ಒಪ್ಪಲಿಕ್ಕಿಲ್ಲ.

ಬೋರ್ಡ್ ಕೊಟ್ಟ ಅಕ್ಕನ ಸಾಲ ನಿಮ್ಮ ಮೇಲೆ ಆಗಲೇ ಇದೆ. ಆ ಬೋರ್ಡ್ ಏನಾಯ್ತು ಅಂತ ಅವರಿಗೆ ತಿಳಿಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ಅಂದರೆ ಇಲ್ಲ ಅಂತ ಲೆಕ್ಕ. ಇವತ್ತೇ ಗೋದಾಮಿನ ಗೋಡೆಗೆ ಹಾಕಿದ ಆ ಡಬ್ಬಿಯ ಫೋಟೋ ಕಳಿಸಿ. ‘ಅಕ್ಕಾ, ನೀವು ಕೊಟ್ಟ ಬೋರ್ಡ್ ಈಗ ಮೆಣಸಿನಕಾಯಿ ಕಾಯ್ತಾ ಇದೆ’ ಅಂತ. ಇನ್ನೇನೂ ಕೇಳಬೇಡಿ. ಒಂದು ವರ್ಷ ಮೊದಲು ಕೆಲಸ ಹುಡುಕಿದವರು ಅವರು. ಯಾವ ಕಂಪನಿ ಹಳ್ಳಿ ಕಾಲೇಜು ಅಂತ ಮೂಗು ಮುರಿಯುತ್ತದೆ, ಯಾವುದು ಮುರಿಯುವುದಿಲ್ಲ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ತಾವಾಗಿಯೇ ಹೇಳುತ್ತಾರೆ.

ಇನ್ನು ಲಿಂಕ್ಡ್‌ಇನ್. ಬಿಡಬೇಡಿ, ಬಳಸುವ ರೀತಿ ಬದಲಿಸಿ. ಹುಡುಕುವ ಜಾಗದಲ್ಲಿ ನಿಮ್ಮ ಕಾಲೇಜಿನ ಹೆಸರು ಹಾಕಿ, ಆ ಪುಟದಲ್ಲಿ ‘ಅಲಮ್ನೈ’ ಅಂತ ಒಂದು ಭಾಗ ಇದೆ. ಅಲ್ಲಿ ಹಳೇ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಯಾವ ಕಂಪನಿ, ಏನು ಕೆಲಸ ಅಂತ ಸೋಸಿ ನೋಡಬಹುದು. ಬೆಂಗಳೂರು, ಎಂಬೆಡೆಡ್ ಅಂತ ಸೋಸಿದರೆ ಚಿಕ್ಕ ಕಾಲೇಜಿಗೂ ಹತ್ತಿಪ್ಪತ್ತು ಹೆಸರು ಬಂದೇ ಬರುತ್ತವೆ. ಅದರಲ್ಲಿ ಪಾಸಾಗಿ ಎರಡರಿಂದ ಐದು ವರ್ಷ ಆದವರನ್ನು ಆರಿಸಿಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಪಾಸಾದ ಡೈರೆಕ್ಟರ್ ಬೇಡ. ಅವರಿಗೆ ನಿಮ್ಮ ಕಷ್ಟ ಮರೆತುಹೋಗಿರುತ್ತದೆ, ಇನ್‌ಬಾಕ್ಸೂ ತುಂಬಿರುತ್ತದೆ. 140 ಬೇಡ, ಹನ್ನೆರಡು ಸಾಕು. ಮೊದಲು ಹುಡುಗಿಯರ ಹೆಸರು ನೋಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಏನು ಬರೆಯಬೇಕು? ನಿಮ್ಮ ಹಳೇ ಮೆಸೇಜಿನಲ್ಲಿ ‘ಓಪನಿಂಗ್ ಇದ್ದರೆ ಹೇಳಿ’ ಅಂತ ಇತ್ತು. ಇದನ್ನು ಓದಿದವರಿಗೆ ನೀವು ಯಾರು ಅಂತ ಗೊತ್ತಾಗಲಿಲ್ಲ, ಏನು ಬರುತ್ತದೆ ಅಂತಲೂ ಗೊತ್ತಾಗಲಿಲ್ಲ. ಇದೇ ವಾಕ್ಯ ಅವರಿಗೆ ದಿನಕ್ಕೆ ಹತ್ತು ಬರುತ್ತದೆ. ಆದರೆ ನಿಮ್ಮ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ ವಸ್ತು ಒಂದಿದೆ: ಮಳೆಗಾಲದಲ್ಲಿ ತಪ್ಪು ತೋರಿಸುವ ಒಂದು ಸೆನ್ಸರ್. ಪ್ರಾಜೆಕ್ಟ್ ಕೆಟ್ಟಿದೆ ಅಂತ ನೀವು ನಾಚಿಕೊಂಡ ಹಾಗಿದೆ. ಇಂಜಿನಿಯರನ ಎದುರು ಕೆಟ್ಟ ವಸ್ತು ಇಟ್ಟು ನೋಡಿ, ಆಮೇಲೆ ಅವರ ಬಾಯಿ ಮುಚ್ಚಿಸುವುದು ಕಷ್ಟ.

ಸುಮ್ನೆ ‘ಸರಿಯಾಗಿ ಬರ್ತಿಲ್ಲ’ ಅನ್ನಬೇಡಿ, ಅಳೆದು ಹೇಳಿ. ಅದಕ್ಕೊಂದು ಹಳೇ ಉಪಾಯ ಇದೆ, ಸಾಮಾನು ನಿಮ್ಮ ಅಂಗಡಿಯಲ್ಲೇ ಸಿಗುತ್ತದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ. ನೀರು ಹನಿಹನಿ ಹಾಕಿ ಒದ್ದೆ ಮರಳಿನ ಹಾಗೆ ಮಾಡಿ, ಕರಗಿ ನೀರಾಗಬಾರದು. ಆ ಮುಚ್ಚಳ, ಸೆನ್ಸರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ರಾತ್ರಿಯಿಡೀ ಬಿಡಿ. ಉಪ್ಪು ಒಳಗಿನ ಗಾಳಿಯ ತೇವವನ್ನು ಹೆಚ್ಚುಕಡಿಮೆ ನೂರಕ್ಕೆ 75ಕ್ಕೆ ತಂದು ನಿಲ್ಲಿಸುತ್ತದೆ. ಬೆಳಗ್ಗೆ ನಿಮ್ಮ ಸೆನ್ಸರ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಡಿಎಚ್‌ಟಿ11 ಅಗ್ಗದ್ದು, ಐದು ಅಂಕ ಆಚೀಚೆ ಆದರೆ ಅದರ ತಪ್ಪಲ್ಲ. ಅದಕ್ಕಿಂತ ಜಾಸ್ತಿ ಆದರೆ ನಿಮಗೊಂದು ಪ್ರಶ್ನೆ ಸಿಕ್ಕಿತು. ಈಗ ಬರೆಯಿರಿ:

‘ನಮಸ್ಕಾರ ಮೇಡಂ. ನಿಮ್ಮದೇ ಕಾಲೇಜು, ನಿಮ್ಮದೇ ಬ್ರ್ಯಾಂಚ್, ಈಗ ಆರನೇ ಸೆಮ್. ಅಪ್ಪನ ಮೆಣಸಿನಕಾಯಿ ಗೋದಾಮಿಗೆ ಇಎಸ್‌ಪಿ32, ಡಿಎಚ್‌ಟಿ11 ಹಾಕಿ ತೇವದ ಅಲಾರಂ ಮಾಡಿದ್ದೇನೆ. ಉಪ್ಪಿನ ಪರೀಕ್ಷೆಯಲ್ಲಿ 75 ಬರಬೇಕಾದ ಕಡೆ ಇಷ್ಟು ಬಂತು. ಕೋಡ್‌ನಲ್ಲಿ ತಿದ್ದಿಕೊಂಡರೆ ಸಾಕಾ, ಸೆನ್ಸರ್ ಬದಲಿಸಬೇಕಾ? ನೀವು ಟೆಸ್ಟಿಂಗ್‌ನಲ್ಲಿ ಇದ್ದೀರಿ ಅಂತ ನೋಡಿ ಕೇಳ್ತಿದ್ದೇನೆ. ಎರಡು ಸಾಲಿನ ಉತ್ತರ ಸಾಕು.’

ರೆಸ್ಯೂಮ್ ಅಂಟಿಸಬೇಡಿ. ಕೆಲಸದ ಸುದ್ದಿ ಎತ್ತಬೇಡಿ. ಇಂಗ್ಲಿಷಿನಲ್ಲಿ ಬರೆಯಬೇಕು ಅನಿಸಿದರೆ ಇಷ್ಟನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಊರ ಕಾಲೇಜಿನವರಿಗೆ ಕನ್ನಡದಲ್ಲಿ ಬಂದ ಮೆಸೇಜ್ ಓದಿ ಖುಷಿಯಾಗುತ್ತದೆ ಅನ್ನುವುದು ನನ್ನ ಅನುಭವ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ರಿಕ್ವೆಸ್ಟ್ ಜೊತೆ ಟಿಪ್ಪಣಿ ಬರೆಯಲು ಜಾಗ ಕಡಿಮೆ, ತಿಂಗಳಿಗೆ ಕೆಲವು ಮಾತ್ರ. ಅದಕ್ಕೇ ಹನ್ನೆರಡು ಅಂದಿದ್ದು. ಪರಿಚಯದ ಒಂದು ಸಾಲು ಮೊದಲು ಹಾಕಿ, ಅವರು ಒಪ್ಪಿದ ಮೇಲೆ ಪೂರ್ತಿ ಕಳಿಸಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ನೆನಪು ಮಾಡಿ. ಆಮೇಲೂ ಇಲ್ಲ ಅಂದರೆ ಬಿಟ್ಟುಬಿಡಿ. ಹನ್ನೆರಡರಲ್ಲಿ ನಾಲ್ಕು ಉತ್ತರ ಬಂದರೆ ಒಳ್ಳೇ ಫಸಲು.

ಉತ್ತರ ಬಂದ ಮೇಲೆ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ‘ಥ್ಯಾಂಕ್ಯೂ ಮೇಡಂ’ ಅಂದು, ಎರಡು ಕೈ ಮುಗಿಯುವ ಇಮೋಜಿ ಹಾಕಿ, ಮುಂದಿನ ಸಾಲಿನಲ್ಲೇ ರೆಫರಲ್ ಕೇಳುತ್ತಾರೆ. ಉದ್ರಿ ಇನ್ನೂ ತೀರಿಲ್ಲ! ಅವರು ಹೇಳಿದ್ದನ್ನು ಮಾಡಿ, ಏನಾಯ್ತು ಅಂತ ಒಂದು ವಾರದಲ್ಲಿ ತಿಳಿಸಿ. ‘ನೀವು ಹೇಳಿದ ಹಾಗೆ ತಿದ್ದಿದೆ, ಈಗ 77 ಬರ್ತಿದೆ’ ಅನ್ನುವುದೇ ಉದ್ರಿ ತೀರಿಸುವುದು. ಹೇಳಿದ ಮಾತನ್ನು ಮಾಡಿ ತೋರಿಸಿದ ವಿದ್ಯಾರ್ಥಿಗಳು ಎಷ್ಟು ಅಪರೂಪ ಅಂದರೆ, ಅಂಥವರ ಹೆಸರು ನಮಗೆ ವರ್ಷಗಟ್ಟಲೆ ನೆನಪಿರುತ್ತದೆ. ಈ ಹಂತದಲ್ಲಿ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದಾ ಅಂತ ಕೇಳಿ. ಮಾತಾಡುವಾಗ ಅವರ ದಿನ ಹೇಗಿರುತ್ತದೆ, ಹೊಸಬರಿಗೆ ಏನು ಬರೋದಿಲ್ಲ ಅಂತ ಕೇಳಿ. ಕೊನೆಗೆ, ‘ಇನ್ಯಾರ ಹತ್ತಿರ ಮಾತಾಡಿದರೆ ಒಳ್ಳೇದು?’ ಒಬ್ಬರಿಂದ ಇಬ್ಬರು, ಇಬ್ಬರಿಂದ ನಾಲ್ವರು. ‘ಶೂರ್’ ಅಂದು ಸುಮ್ಮನಾದವರಿಗೂ ಈ ಸೆನ್ಸರ್ ಪ್ರಶ್ನೆಯನ್ನೇ ಕಳಿಸಿ. ಅವರು ಬಾಗಿಲು ಮುಚ್ಚಿಲ್ಲ, ನೀವು ಹಿಡಿದುಕೊಳ್ಳಲು ಏನೂ ಕೊಟ್ಟಿರಲಿಲ್ಲ.

ಕಂಪನಿಗಳಲ್ಲಿ ರೆಫರಲ್ ಅಂದರೆ ಏನು ಅಂತಲೂ ತಿಳಿದಿರಲಿ. ಉದ್ಯೋಗಿ ತಮ್ಮ ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ನಿಮ್ಮ ರೆಸ್ಯೂಮ್ ಹಾಕುತ್ತಾರೆ. ಅದು ರಾಶಿಯ ಅಡಿಯಿಂದ ಸ್ವಲ್ಪ ಮೇಲೆ ಬರುತ್ತದೆ. ಅಷ್ಟೇ. ಟೆಸ್ಟ್ ನೀವೇ ಬರೆಯಬೇಕು. ನೀವು ಕೆಲಸಕ್ಕೆ ಸೇರಿದರೆ ರೆಫರ್ ಮಾಡಿದವರಿಗೆ ಹಲವು ಕಡೆ ಬೋನಸ್ ಸಿಗುತ್ತದೆ. ಹಾಗಾಗಿ ಭಿಕ್ಷೆ ಬೇಡುತ್ತಿದ್ದೇನೆ ಅಂತ ಕುಗ್ಗಬೇಕಿಲ್ಲ. ಆದರೆ ಎಷ್ಟೋ ಕಂಪನಿಗಳಲ್ಲಿ ನೀವೇ ಮೊದಲು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿಬಿಟ್ಟರೆ ಆಮೇಲೆ ರೆಫರ್ ಮಾಡಲು ಬರುವುದಿಲ್ಲ. ಪರಿಚಯದವರು ಇರುವ ಕಂಪನಿ ಆದರೆ ಅರ್ಜಿ ಹಾಕುವ ಮೊದಲೇ ಅವರನ್ನು ಕೇಳಿ. ಕೇಳುವಾಗ ಹುದ್ದೆಯ ಹೆಸರು, ಅದರ ಜಾಬ್ ಐಡಿ, ಒಂದು ಪುಟದ ಪಿಡಿಎಫ್, ನಿಮ್ಮ ಬಗ್ಗೆ ಮೂರು ಸಾಲು, ಇಷ್ಟನ್ನು ಒಂದೇ ಮೆಸೇಜಿನಲ್ಲಿ ಕೊಡಿ. ಅವರು ಹುಡುಕಿಕೊಂಡು ಕೂರುವ ಹಾಗೆ ಮಾಡಬೇಡಿ. ಪಿಡಿಎಫ್‌ಗೆ ನಿಮ್ಮ ಹೆಸರಿಡಿ. ‘ರೆಸ್ಯೂಮ್ ಫೈನಲ್ ಹೊಸದು 3’ ಅಂತ ಬಂದಿದ್ದನ್ನು ನಾನೇ ನೂರಾರು ನೋಡಿದ್ದೇನೆ.

ರಾತ್ರಿ ಹನ್ನೊಂದರ ಮನುಷ್ಯನ ವಿಷಯ. ಬ್ಲಾಕ್ ಮಾಡಿ. ಉತ್ತರ ಕೊಡುವ ಮರ್ಯಾದೆ ಕೂಡ ಬೇಡ. ಒಂದು ಅವಕಾಶ ತಪ್ಪಿತೇನೋ ಅಂತ ಮನಸ್ಸಿನ ಮೂಲೆಯಲ್ಲಿ ಅನಿಸುತ್ತಿದ್ದರೆ, ತಪ್ಪಿಲ್ಲ. ಹಾಗೆ ಬರೆಯುವವರ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲ. ಮೊದಲು ಹುಡುಗಿಯರನ್ನು ಹುಡುಕಿ ಅಂದಿದ್ದು ಇದಕ್ಕೇ. ಯಾವ ಆಫೀಸಿನ ವಾತಾವರಣ ಹೇಗೆ, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಯಾವ ಏರಿಯಾದ ಪಿಜಿ ಪರವಾಗಿಲ್ಲ ಅಂತ ಅವರು ಹೇಳುವಷ್ಟು ನೇರವಾಗಿ ಬೇರೆಯವರು ಹೇಳುವುದಿಲ್ಲ. ಫೋನ್ ನಂಬರ್ ಮೊದಲೇ ಕೊಡಬೇಡಿ. ಭೇಟಿ ಅಂದರೆ ಆಫೀಸಿನಲ್ಲಿ, ಹಗಲು ಹೊತ್ತು. ಇಂಟರ್ನ್ ಆಗಿ ಸೇರಿದ ಮೇಲೂ ಕಾನೂನು ನಿಮ್ಮ ಕಡೆ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿ, ಅಪ್ರೆಂಟಿಸ್‌ಗಳನ್ನೂ ಉದ್ಯೋಗಿ ಅಂತಲೇ ಎಣಿಸುತ್ತದೆ. ಹತ್ತು ಜನ ಇರುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕು. ಆ ಸಮಿತಿ ಇದೆಯಾ ಅಂತ ಸೇರುವ ದಿನವೇ ವಿಚಾರಿಸಿ. ಕೇಳಿದರೆ ಏನಂದುಕೊಳ್ತಾರೋ ಅನ್ನುವ ಸಂಕೋಚ ಬೇಡ.

6,000 ರೂಪಾಯಿ? ಕಟ್ಟಬೇಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇಂಟರ್ನ್‌ಶಿಪ್ ಕಡ್ಡಾಯ ಮಾಡಿದಾಗಿನಿಂದ ಸರ್ಟಿಫಿಕೇಟ್ ಮಾರುವ ಅಂಗಡಿಗಳು ಅಣಬೆ ಹಾಗೆ ಎದ್ದಿವೆ. ನೀವು ದುಡ್ಡು ಕೊಟ್ಟು ಕಲಿತರೆ ಅದು ಟ್ಯೂಷನ್. ಟ್ಯೂಷನ್ ತಪ್ಪಲ್ಲ, ಅದನ್ನು ಇಂಟರ್ನ್‌ಶಿಪ್ ಅಂತ ಕರೆಯುವುದು ತಪ್ಪು. ಎರಡು ಪ್ರಶ್ನೆ ಕೇಳಿದರೆ ಇಂಟರ್ವ್ಯೂನಲ್ಲಿ ಗೊತ್ತಾಗಿಬಿಡುತ್ತದೆ. ಗೆಳತಿಯರು ಯಾರಾದರೂ ‘ಸೆಕ್ಯೂರಿಟಿ ಡಿಪಾಸಿಟ್’ ಅಂತ ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಡಿಗ್ರಿ ಮುಗಿದ ಮೇಲೆ ಕೆಲಸ ತಡವಾದರೆ ಕೇಂದ್ರ ಸರ್ಕಾರದ ‘ನ್ಯಾಟ್ಸ್’ ಅಪ್ರೆಂಟಿಸ್‌ಶಿಪ್ ಇದೆ. ಅಲ್ಲಿ ತರಬೇತಿಗೆ ಸ್ಟೈಪೆಂಡ್ ಅವರೇ ಕೊಡುತ್ತಾರೆ, ದುಡ್ಡು ಹರಿಯುವ ದಿಕ್ಕು ಸರಿಯಾಗಿದೆ.

ಒಮ್ಮೆ ಬೆಂಗಳೂರಿಗೆ ಬನ್ನಿ. ಸುಮ್ಮನೆ ಬೇಡ, ಒಂದು ದಿನ ನೋಡಿಕೊಂಡು ಬನ್ನಿ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ, ಬಿಐಇಸಿ, ಇದೆಯಲ್ಲ, ಅಲ್ಲಿ 2023ರಲ್ಲೂ 2025ರಲ್ಲೂ ಸೆಪ್ಟೆಂಬರಿನಲ್ಲಿ ‘ಎಲೆಕ್ಟ್ರಾನಿಕಾ ಇಂಡಿಯಾ’ ನಡೆಯಿತು. ಇಂಥ ಮೇಳಗಳಲ್ಲಿ ಸೆನ್ಸರ್ ಮಾರುವವರಿಂದ ಹಿಡಿದು ಸೋಲ್ಡರಿಂಗ್ ಮೆಷಿನ್ ಮಾಡುವವರ ತನಕ ಒಂದೇ ಸೂರಿನಡಿ ಇರುತ್ತಾರೆ. ಈಗ ಹಸಿರು ಮಾರ್ಗದ ಮೆಟ್ರೋ ಮಾದಾವರದ ತನಕ ಹೋಗುವುದರಿಂದ ರಾತ್ರಿ ಬಸ್ಸಿಳಿದು ನೇರ ಹೋಗಬಹುದು. ವಿದ್ಯಾರ್ಥಿಗಳಿಗೆ ಯಾವ ದಿನ ಪ್ರವೇಶ ಅಂತ ಮೊದಲೇ ನೋಡಿಕೊಳ್ಳಿ. ಒಳಗೆ ಹೋದ ಹುಡುಗರು ಮಾಡುವುದು ಚೀಲದ ತುಂಬ ಬ್ರೋಷರ್, ಪೆನ್ನು ಗುಡ್ಡೆ ಹಾಕುವುದು. ನೀವು ಕೊನೆಯ ದಿನ ಮಧ್ಯಾಹ್ನದ ಮೇಲೆ ಸ್ಟಾಲ್‌ಗಳಿಗೆ ಹೋಗಿ. ದೊಡ್ಡ ಗಿರಾಕಿಗಳು ಹೊರಟುಹೋಗಿರುತ್ತಾರೆ, ಸ್ಟಾಲಿನ ಇಂಜಿನಿಯರಿಗೆ ಕಾಲು ನೋವು, ಬೇಜಾರು. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು ಸೆನ್ಸರ್ ಬಗ್ಗೆ ನೆಟ್ಟಗೆ ಒಂದು ಪ್ರಶ್ನೆ ಕೇಳಿದರೆ ಅವರು ಕುರ್ಚಿ ಎಳೆದು ಕೂರಿಸುತ್ತಾರೆ. ನಾನೇ ಎಷ್ಟೋ ಸಲ ಕೂರಿಸಿದ್ದೇನೆ.

ಅಷ್ಟು ದೂರ ಬರಲಾಗದಿದ್ದರೆ ಬೆಂಗಳೂರೇ ನಿಮ್ಮೂರಿಗೆ ಬರುತ್ತದೆ. ಪಂಚಮಿಗೆ, ದೀಪಾವಳಿಗೆ, ಊರ ಜಾತ್ರೆಗೆ ಎಷ್ಟು ಜನ ಬಸ್ಸಿಳಿಯುತ್ತಾರೆ ನೋಡಿ. ಎರಡು ದಿನ ಬಿಡುವಾಗಿರುತ್ತಾರೆ, ಮನಸ್ಸು ಹಗುರ ಇರುತ್ತದೆ, ಅಂಗಡಿಗೆ ಬಂದೇ ಬರುತ್ತಾರೆ. ಮದುವೆ ಮನೆಯಲ್ಲಿ ‘ಏನ್ ಓದಾಕತ್ತೀ?’ ಅಂದರೆ ‘ಇಂಜಿನಿಯರಿಂಗ್’ ಅಂತ ಒಂದೇ ಮಾತು ಹೇಳಿ ತಲೆ ತಗ್ಗಿಸಬೇಡಿ. ಮೆಣಸಿನಕಾಯಿ ಅಲಾರಂ ಕಥೆ ಹೇಳಿ. ಎಂಬೆಡೆಡ್ ಅಂದರೆ ಅವರಿಗೆ ಅರ್ಥವಾಗಲಿಕ್ಕಿಲ್ಲ. ಗೋದಾಮಿನಲ್ಲಿ ತೇವ ಏರಿದರೆ ಫೋನಿಗೆ ಮೆಸೇಜ್ ಬರುತ್ತದೆ ಅನ್ನೋದು ಅಜ್ಜಿಗೂ ಅರ್ಥವಾಗುತ್ತದೆ, ಅದನ್ನು ಅವರು ಇನ್ನೊಬ್ಬರಿಗೆ ಹೇಳುತ್ತಾರೆ. ಸುದ್ದಿ ಹೋಗುವುದೇ ಹಾಗೆ. ನಮ್ಮೋರು ನಮ್ಮೋರು ಅಂತ ಜಾತಿ ಹಿಡಿದು ಹುಡುಕುವವರೂ ಸಿಗುತ್ತಾರೆ. ಅವರ ಸಹಾಯ ಬೇಡ ಅನ್ನಬೇಡಿ, ಆದರೆ ಅದೊಂದೇ ದಾರಿ ಅಂತ ನೆಚ್ಚಿಕೊಳ್ಳಲೂಬೇಡಿ. ಆ ಬಾವಿಯ ನೀರೂ ಒಂದೇ.

ಅಪ್ಪನ ಹತ್ತಿರ ಬಳಸದ ಒಂದು ಉದ್ರಿ ಪುಸ್ತಕ ಇಸಕೊಳ್ಳಿ. ಒಂದು ಹಾಳೆಗೆ ಒಬ್ಬರು. ಯಾರು, ಹೇಗೆ ಪರಿಚಯ, ಏನು ಕೇಳಿದೆ, ಏನು ಹೇಳಿದರು, ಮಾಡಿದೆನಾ, ಯಾವಾಗ ತಿಳಿಸಿದೆ. ಮೊದಲ ನಾಲ್ಕು ಹಾಳೆಗೆ ಹೆಸರು ನಿಮ್ಮ ಪತ್ರದಲ್ಲೇ ಇವೆ. ಐದನೇ ಹಾಳೆಗೆ ಬೇಕಾದರೆ ನನ್ನ ಹೆಸರು ಬರೆದುಕೊಳ್ಳಿ. ಸಣ್ಣ ಬೋರ್ಡ್ ಡಿಸೈನ್ ಮಾಡುವ ಇಬ್ಬರು ಹಳೇ ಸಹೋದ್ಯೋಗಿಗಳು ನನಗೂ ಗೊತ್ತು, ಆದರೆ ಅವರ ಹೆಸರು ಈಗಲೇ ಹೇಳೋಲ್ಲ. ಇವತ್ತು ರಾತ್ರಿ ಡಬ್ಬಿಯಲ್ಲಿ ಉಪ್ಪು ಇಟ್ಟು ಮಲಗಿ. ಬೆಳಗ್ಗೆ ಸೆನ್ಸರ್ ಎಷ್ಟು ತೋರಿಸಿತು ಅಂತ ನನಗೆ ಬರೆಯಿರಿ.